ಡೇಟ್ ಹತ್ತಿರ ಬಂದರೂ ನೋವು ಬಂದಿಲ್ಲ: ಕಾಯಬೇಕೇ, ಸ್ವೀಪ್ ಮಾಡಿಸಬೇಕೇ, ಅಡ್ಮಿಟ್ ಆಗಬೇಕೇ?

39 ವಾರ ತುಂಬಿದ ಮೇಲೆ ಚೆಕಪ್‌ಗೆ ಹೋದರೆ ಡಾಕ್ಟರು ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾತು ಹೇಳುತ್ತಾರೆ. "ಇನ್ನೊಂದು ವಾರ ನೋಡೋಣ." "ಸ್ವೀಪ್ ಮಾಡಿ ಕಳಿಸ್ತೀನಿ, ನೋವು ಬಂದ್ರೆ ಬನ್ನಿ." "ಅಡ್ಮಿಟ್ ಆಗಿಬಿಡಿ, ನೋವು ಬರಿಸೋಣ." ಸ್ವೀಪ್ ಎಂದರೆ ಗರ್ಭಕೋಶದ ಬಾಯಿಯೊಳಗೆ ಬೆರಳು ಹಾಕಿ ನೀರಿನ ಚೀಲದ ಅಂಟು ಬಿಡಿಸುವುದು. ಆಸ್ಪತ್ರೆಯಲ್ಲಿಟ್ಟುಕೊಂಡು ಔಷಧಿಯಿಂದಲೋ ಬಲೂನಿನಿಂದಲೋ ನೋವು ಬರಿಸುವುದು ಇಂಡಕ್ಷನ್. ಮೂರೂ ಸರಿಯಾದ ದಾರಿಗಳೇ, ಆದರೆ ಎಲ್ಲರಿಗೂ ಮೂರೂ ಹೊಂದುವುದಿಲ್ಲ. ವಾರದ ಲೆಕ್ಕ ಎಷ್ಟು ಖಚಿತವಾಗಿದೆ, ಗರ್ಭಕೋಶದ ಬಾಯಿ ಎಷ್ಟು ಹದಕ್ಕೆ ಬಂದಿದೆ, ಕಾಯಬಾರದ ಕಾರಣ ಏನಾದರೂ ಇದೆಯೇ ಎಂಬುದನ್ನು ನೋಡಿ ಆರಿಸಬೇಕು.

ಇಲ್ಲಿ ಹೇಳುವುದು ತೊಡಕಿಲ್ಲದ ಬಸಿರಿಗೆ: ಒಂದೇ ಮಗು, ತಲೆ ಕೆಳಗಿದೆ, ಬಿಪಿ ಮತ್ತು ಶುಗರ್ ಹಿಡಿತದಲ್ಲಿವೆ, ಮಾಸು ಕೆಳಗೆ ಅಂಟಿಲ್ಲ, ಮಗು ಚೆನ್ನಾಗಿ ಆಡುತ್ತಿದೆ. ಇದರಲ್ಲಿ ಒಂದು ತಪ್ಪಿದರೂ ಲೆಕ್ಕ ಬದಲಾಗುತ್ತದೆ. ಅದನ್ನು ಮುಂದೆ ನೋಡೋಣ.

ಮೊದಲು ವಾರದ ಲೆಕ್ಕ

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಸೇರಿಸಿದರೆ 40 ವಾರ. ತಾಯಿ ಕಾರ್ಡಿನಲ್ಲಿ ಬರೆಯುವ ಹೆರಿಗೆ ದಿನಾಂಕ ಅದೇ. ಮನೆಯ ಹಿರಿಯರ "ಒಂಬತ್ತು ತಿಂಗಳು ಒಂಬತ್ತು ದಿನ"ಕ್ಕೂ ಇದಕ್ಕೂ ಎರಡು ದಿನದ ವ್ಯತ್ಯಾಸವಷ್ಟೇ, ಹಾಗಾಗಿ ಅಲ್ಲಿ ಜಗಳವಿಲ್ಲ. ಗೊಂದಲ ಹುಟ್ಟುವುದು ಸ್ಕ್ಯಾನ್ ರಿಪೋರ್ಟುಗಳಿಂದ. ಪ್ರತಿ ಸ್ಕ್ಯಾನಿನಲ್ಲೂ ಯಂತ್ರ ಆ ದಿನದ ಅಳತೆ ಹಿಡಿದು ಹೊಸದೊಂದು ಡ್ಯೂ ಡೇಟ್ ಮುದ್ರಿಸಿಬಿಡುತ್ತದೆ. ಫೈಲಿನಲ್ಲಿ ನಾಲ್ಕು ರಿಪೋರ್ಟು ಇದ್ದರೆ ನಾಲ್ಕು ಡೇಟು. ಕೊನೆಯದೇ ಸರಿ ಎಂದು ಮನೆಯವರು ನಂಬಿ ಕೂರುತ್ತಾರೆ.

ವಾಸ್ತವ ಇದಕ್ಕೆ ಉಲ್ಟಾ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿನಲ್ಲಿ ತಪ್ಪು ಹೆಚ್ಚೆಂದರೆ ಐದರಿಂದ ಏಳು ದಿನ. ಒಂಬತ್ತನೇ ತಿಂಗಳ ಸ್ಕ್ಯಾನಿನಲ್ಲಿ ಅದು ಮೂರು ವಾರದವರೆಗೂ ಹೋಗಬಹುದು, ಏಕೆಂದರೆ ಅಷ್ಟು ಹೊತ್ತಿಗೆ ಒಂದೊಂದು ಮಗು ಒಂದೊಂದು ಗಾತ್ರಕ್ಕೆ ಬೆಳೆದಿರುತ್ತದೆ. ಮುಟ್ಟಿನ ಲೆಕ್ಕಕ್ಕೂ ಮೊದಲ ಸ್ಕ್ಯಾನಿಗೂ ಏಳು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಮೊದಲ ಸ್ಕ್ಯಾನಿನ ದಿನಾಂಕವನ್ನು ಹಿಡಿಯುತ್ತಾರೆ. ಅದನ್ನು ಒಮ್ಮೆ ನಿಗದಿ ಮಾಡಿದ ಮೇಲೆ ಮುಂದಿನ ಸ್ಕ್ಯಾನ್ ನೋಡಿ ಬದಲಿಸುವಂತಿಲ್ಲ. ಆದ್ದರಿಂದ ಸ್ವೀಪ್ ಅಥವಾ ಇಂಡಕ್ಷನ್ ಮಾತು ಬಂದ ದಿನ ಕೇಳಬೇಕಾದ ಮೊದಲ ಪ್ರಶ್ನೆ: "ಯಾವ ಡೇಟ್ ಪ್ರಕಾರ ಇವತ್ತಿಗೆ ಎಷ್ಟು ವಾರ, ಎಷ್ಟು ದಿನ?" ಲೆಕ್ಕ ಒಂದೂವರೆ ವಾರ ತಪ್ಪಿದರೆ 39 ವಾರದ ಮಗು ಎಂದುಕೊಂಡದ್ದು 37 ದಾಟಿದ ಮಗುವಾಗಿರುತ್ತದೆ, ಅದನ್ನು ಆತುರದಲ್ಲಿ ಹೊರತಂದರೆ ಉಸಿರಾಟದ ತೊಂದರೆ ಆಗುವ ಸಾಧ್ಯತೆ ಹೆಚ್ಚು.

ಸ್ವೀಪ್‌ನಲ್ಲಿ ಏನು ಮಾಡುತ್ತಾರೆ

ಮಗುವನ್ನು ಸುತ್ತಿರುವ ನೀರಿನ ಚೀಲ ಗರ್ಭಕೋಶದ ಕೆಳಭಾಗಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಗರ್ಭಕೋಶದ ಬಾಯಿಯೊಳಗೆ ಬೆರಳು ತೂರಿಸಿ, ಆ ಅಂಟನ್ನು ಸುತ್ತಲೂ ಬಿಡಿಸುವುದೇ ಸ್ವೀಪ್. ಚೀಲವನ್ನು ಒಡೆಯುವುದಿಲ್ಲ. ಅಂಟು ಬಿಟ್ಟ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡುವುದು, ನೋವು ಶುರುಮಾಡುವುದು ಅದರ ಕೆಲಸ. ಆಸ್ಪತ್ರೆಯಲ್ಲಿ ಇಡುವ ಜೆಲ್‌ನಲ್ಲಿ ಇರುವುದೂ ಇದೇ ಜಾತಿಯ ವಸ್ತು. ಸ್ವೀಪ್‌ನಲ್ಲಿ ಅದು ದೇಹದ್ದೇ, ಸಣ್ಣ ಪ್ರಮಾಣದಲ್ಲಿ.

ಕ್ರಮ ಹೀಗಿರುತ್ತದೆ. ಮೂತ್ರ ಮಾಡಿಬರಲು ಹೇಳುತ್ತಾರೆ, ಮೂತ್ರಕೋಶ ತುಂಬಿದ್ದರೆ ನೋವು ಹೆಚ್ಚು. ಹೊಟ್ಟೆ ಮುಟ್ಟಿ ತಲೆ ಕೆಳಗಿದೆಯೇ, ಎಷ್ಟು ಇಳಿದಿದೆ ಎಂದು ನೋಡಿ, ಡಾಪ್ಲರ್‌ನಲ್ಲಿ ಮಗುವಿನ ಎದೆಬಡಿತ ಕೇಳುತ್ತಾರೆ. ಮಲಗಿ ಮೊಣಕಾಲು ಮಡಚಿ ಅಗಲಿಸಬೇಕು. ಸೊಂಟದ ಕೆಳಗೆ ನಿಮ್ಮದೇ ಎರಡು ಮುಷ್ಟಿ ಇಟ್ಟುಕೊಂಡರೆ ಹಿಂದಕ್ಕೆ ತಿರುಗಿರುವ ಗರ್ಭಕೋಶದ ಬಾಯಿ ಸುಲಭವಾಗಿ ಸಿಗುತ್ತದೆ. ಸ್ಟೆರೈಲ್ ಗ್ಲೌಸ್, ಜಾರುವ ಜೆಲ್, ಎರಡು ಬೆರಳು. ಒಂದು ಬೆರಳು ಒಳಬಾಯಿಯನ್ನು ದಾಟಿ ಒಳಗೆ ಹೋದರೆ ಪೂರ್ತಿ ವೃತ್ತದಂತೆ ಎರಡು ಮೂರು ಸುತ್ತು ತಿರುಗಿಸುತ್ತಾರೆ. ಒಟ್ಟು ಒಂದೆರಡು ನಿಮಿಷ. ಮುಗಿದ ಮೇಲೆ ಮತ್ತೆ ಎದೆಬಡಿತ ಕೇಳಬೇಕು. ಗಡಿಬಿಡಿಯ ಓಪಿಡಿಯಲ್ಲಿ ಇದನ್ನು ಬಿಟ್ಟುಬಿಡುವುದುಂಟು, ಕೇಳಿ ಮಾಡಿಸಿಕೊಳ್ಳಿ.

ಬಾಯಿ ಪೂರ್ತಿ ಮುಚ್ಚಿದ್ದರೆ ಬೆರಳು ಒಳಗೆ ಹೋಗುವುದಿಲ್ಲ. ಆಗ ಬಾಯಿಯ ಸುತ್ತ ಬೆರಳಾಡಿಸಿ ಮಸಾಜ್ ಮಾಡುತ್ತಾರೆ. ಪರಿಣಾಮ ಸ್ವೀಪ್‌ನಷ್ಟು ಖಚಿತವಲ್ಲ, ಆದರೂ ಮುಂದಿನ ಭೇಟಿಯ ಹೊತ್ತಿಗೆ ಬಾಯಿ ಸ್ವಲ್ಪ ಸಡಿಲವಾಗಿರಲಿ ಎಂದು ಮಾಡುವುದು. ಬಲವಂತದಿಂದ ಬೆರಳು ತೂರಿಸುವುದು ಸ್ವೀಪ್ ಅಲ್ಲ, ಬರೀ ಹಿಂಸೆ.

ನೋವಿನ ವಿಷಯ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೆದರ್ಲೆಂಡ್ಸ್‌ನಲ್ಲಿ 742 ಬಸುರಿಯರನ್ನು ಸೇರಿಸಿಕೊಂಡು ನಡೆದ ಒಂದು ಅಧ್ಯಯನದಲ್ಲಿ, ಸ್ವೀಪ್ ಮಾಡಿಸಿಕೊಂಡವರಲ್ಲಿ 31% ಜನ ನೋವೇ ಇರಲಿಲ್ಲ ಎಂದರು, 51% ಸ್ವಲ್ಪ ನೋವು ಎಂದರು, 17% ಚೆನ್ನಾಗೇ ನೋವಾಯಿತು ಎಂದರು. ಮುಂದಿನ ಸಲವೂ ಮಾಡಿಸುತ್ತೇವೆ ಎಂದವರು 88%. ಬಾಯಿ ಮೆತ್ತಗಾಗಿ ಮುಂದಕ್ಕೆ ಬಂದಿದ್ದರೆ ಮುಟ್ಟಿನ ಹೊಟ್ಟೆನೋವಿನಂಥ ಹಿಡಿತ. ಗಟ್ಟಿಯಾಗಿ ಹಿಂದಕ್ಕಿದ್ದರೆ, ಚೊಚ್ಚಲಿನವರಿಗೆ ಮುಖ್ಯವಾಗಿ, ಕಣ್ಣಲ್ಲಿ ನೀರು ಬರಬಹುದು. ಉಸಿರನ್ನು ಬಾಯಿಂದ ಉದ್ದಕ್ಕೆ ಬಿಡುತ್ತಿದ್ದರೆ ತಳ ಸಡಿಲವಾಗುತ್ತದೆ. "ಸಾಕು, ನಿಲ್ಲಿಸಿ" ಎಂದರೆ ನಿಲ್ಲಿಸಲೇಬೇಕು, ಅರ್ಧಕ್ಕೆ ನಿಲ್ಲಿಸಿದರೆ ಅಪಾಯವೇನೂ ಇಲ್ಲ.

ಆಮೇಲಿನ ಎರಡು ದಿನ

ಸ್ವೀಪ್ ಫಲ ಕೊಡುವುದಿದ್ದರೆ ಹೆಚ್ಚಾಗಿ 48 ಗಂಟೆಯೊಳಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಹೀಗೆಲ್ಲ ಆಗುವುದು ಸಹಜ: ಪ್ಯಾಡಿನ ಮೇಲೆ ಗುಲಾಬಿ ಅಥವಾ ಕಂದು ಬಣ್ಣದ ಕಲೆ, ಲೋಳೆಯ ಮುದ್ದೆಯಲ್ಲಿ ರಕ್ತದ ಎಳೆ, ಆ ರಾತ್ರಿ ಬಂದು ಹೋಗುವ ಹೊಟ್ಟೆ ಬಿಗಿತ, ಸೊಂಟದ ಸೆಳೆತ. ಕ್ರಮ ತಪ್ಪಿದ ನೋವು ರಾತ್ರಿಯಿಡೀ ಬಂದು ಬೆಳಗ್ಗೆ ನಿಂತುಹೋಗುವುದೂ ಇದೆ. ಸ್ವೀಪ್ ಮೇಲಿನ ದೊಡ್ಡ ದೂರು ಇದೇ: ನಿದ್ದೆ ಕೆಟ್ಟಿತು, ಹೆರಿಗೆಯೂ ಆಗಲಿಲ್ಲ. ಹಾಗಾಗಿ ಆ ದಿನ ಮನೆಗೆ ಬಂದ ಕೂಡಲೇ ಊಟ ಮಾಡಿ, ಒಂದು ನಿದ್ದೆ ತೆಗೆಯಿರಿ. ನೋವು ಶುರುವಾಯಿತೆಂದು ಆಗಲೇ ಅಂಗಳದ ತುಂಬ ನಡೆದು ಸುಸ್ತಾಗುವುದು ಬೇಡ. ಬೆಚ್ಚನೆಯ ನೀರಿನ ಸ್ನಾನ, ಬೇಕಾದರೆ ಪ್ಯಾರಾಸಿಟಮಾಲ್. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಈ ಹಂತದಲ್ಲಿ ಮುಟ್ಟಬಾರದು.

ಜೀರಿಗೆ ಕಷಾಯ ಕುಡಿಸಿ ನೋಡುವ ರೂಢಿ ನಮ್ಮಲ್ಲಿದೆ, ಸುಳ್ಳು ನೋವಾದರೆ ನಿಲ್ಲುತ್ತದೆ ಎಂದು. ಕುಡಿದರೆ ತೊಂದರೆಯಿಲ್ಲ, ಆದರೆ ನಿಜವಾದ ಅಳತೆ ಗಡಿಯಾರ. ನಿಜವಾದ ನೋವಿನಲ್ಲಿ ಅಂತರ ಕಡಿಮೆಯಾಗುತ್ತ, ಪ್ರತಿ ನೋವೂ ಉದ್ದವಾಗುತ್ತ ಹೋಗುತ್ತದೆ. ಚೊಚ್ಚಲಿಗೆ ಐದು ನಿಮಿಷಕ್ಕೊಂದರಂತೆ, ಒಂದೊಂದೂ ಸುಮಾರು ಒಂದು ನಿಮಿಷದಂತೆ, ಒಂದು ಗಂಟೆ ಬಿಡದೆ ಬಂದರೆ ಹೊರಡುವ ಹೊತ್ತು. ಎರಡನೆಯ ಹೆರಿಗೆಯಾದರೆ ಅಷ್ಟು ಕಾಯಬೇಡಿ, ಅದು ಬೇಗ ಸಾಗುತ್ತದೆ.

ಕೆಳಗಿನವುಗಳಲ್ಲಿ ಒಂದಾದರೂ ಕಂಡರೆ ನೋವು ಇರಲಿ ಬಿಡಲಿ ಆಸ್ಪತ್ರೆಗೆ ಹೋಗಬೇಕು, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು:

- ಮುಟ್ಟಿನ ಹಾಗೆ ಅಥವಾ ಅದಕ್ಕಿಂತ ಹೆಚ್ಚು ಕೆಂಪು ರಕ್ತ
- ನೀರು ಹೋದದ್ದು. ಹಸಿರು ಬಣ್ಣವಿದ್ದರೆ ಇನ್ನೂ ತುರ್ತು
- ಮಗುವಿನ ಆಟ ಕಡಿಮೆಯಾದದ್ದು. ಎಡಮಗ್ಗುಲಿಗೆ ಮಲಗಿ ಎರಡು ಗಂಟೆಯಲ್ಲಿ ಹತ್ತು ಚಲನೆ ಸಿಗದಿದ್ದರೆ ಬೆಳಗಿನವರೆಗೆ ಕಾಯಬಾರದು
- ಜ್ವರ, ನಡುಕ, ವಾಸನೆಯ ಸ್ರಾವ
- ನಡುವೆ ಬಿಡುವೇ ಇಲ್ಲದೆ ಹೊಟ್ಟೆ ಕಲ್ಲಿನಂತೆ ಬಿಗಿದದ್ದು
- ತಲೆ ಸಿಡಿತ, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು

ರಕ್ತದ ಗುಂಪು ನೆಗೆಟಿವ್ ಇರುವವರಿಗೆ ಹೆಚ್ಚು ರಕ್ತ ಹೋದರೆ, ಡ್ಯೂಟಿ ಡಾಕ್ಟರಿಗೆ "ನೆಗೆಟಿವ್" ಎಂದು ಮೊದಲೇ ಹೇಳಿಬಿಡಿ.

ಸ್ವೀಪ್‌ಗೂ ಕಾಯುವುದಕ್ಕೂ

ಕಾಕ್ರೇನ್ ಸಂಸ್ಥೆ 2020ರಲ್ಲಿ 44 ಅಧ್ಯಯನಗಳ, 6940 ಮಹಿಳೆಯರ ಫಲಿತಾಂಶವನ್ನು ಒಟ್ಟಿಗಿಟ್ಟು ನೋಡಿತು. ಸ್ವೀಪ್ ಇಲ್ಲದವರಲ್ಲಿ ಸಾವಿರಕ್ಕೆ ಸುಮಾರು 600 ಮಂದಿಗೆ ತಾನಾಗಿ ನೋವು ಬಂದರೆ, ಸ್ವೀಪ್ ಆದವರಲ್ಲಿ ಸುಮಾರು 720 ಮಂದಿಗೆ ಬಂತು. ಔಷಧಿ ಕೊಟ್ಟು ನೋವು ಬರಿಸಬೇಕಾದವರು ಸಾವಿರಕ್ಕೆ 310ರ ಆಸುಪಾಸಿನಿಂದ 230ರ ಆಸುಪಾಸಿಗೆ ಇಳಿದರು. ಸಿಸೇರಿಯನ್ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ತಾಯಿಗಾಗಲಿ ಮಗುವಿಗಾಗಲಿ ಗಂಭೀರ ತೊಂದರೆ ಹೆಚ್ಚಿದ್ದೂ ಕಾಣಲಿಲ್ಲ. ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂದು ಆ ವರದಿಯೇ ಹೇಳುತ್ತದೆ.

ಈ ಅಂಕಿಗಳನ್ನು ಹೀಗೆ ಓದಬೇಕು: ಎಂಟು ಮಂದಿಗೆ ಸ್ವೀಪ್ ಮಾಡಿದರೆ ಒಬ್ಬರಿಗೆ ಅದರಿಂದ ಹೆಚ್ಚುವರಿ ಲಾಭ. ಉಳಿದ ಏಳರಲ್ಲಿ ಹೆಚ್ಚಿನವರಿಗೆ ಹೇಗೂ ನೋವು ಬರುತ್ತಿತ್ತು, ಕೆಲವರಿಗೆ ಸ್ವೀಪ್ ಆದರೂ ಬರುವುದಿಲ್ಲ. "ಸ್ವೀಪ್ ಮಾಡಿಸಿದ್ದಕ್ಕೇ ಮರುದಿನ ಹೆರಿಗೆ ಆಯ್ತು" ಎನ್ನುವ ಅಕ್ಕಪಕ್ಕದವರ ಮಾತಿನಲ್ಲಿ ಎಷ್ಟು ಸ್ವೀಪ್‌ನದು, ಎಷ್ಟು 40ನೇ ವಾರದ್ದು ಎಂದು ಬೇರ್ಪಡಿಸಲಾಗದು. "ಸ್ವೀಪ್ ಮಾಡಿಸಿದರೆ ಆಪರೇಷನ್ ತಪ್ಪುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ತಪ್ಪಿಸುವುದು ಕೆಲವರ ಇಂಡಕ್ಷನ್ ಅನ್ನು ಮಾತ್ರ.

ಹಾಗಾದರೆ ಸುಮ್ಮನೆ ಕಾಯಬಾರದೇ? 39ರಿಂದ 40 ವಾರದ ನಡುವೆ ಧಾರಾಳವಾಗಿ ಕಾಯಬಹುದು. ಸ್ವೀಪ್ ಬೇಡ ಎಂದರೆ ಏನೂ ಕಳೆದುಕೊಂಡಂತಲ್ಲ. 41 ದಾಟಿದ ಮೇಲೆ ಮಾತು ಬೇರೆ. ಮಾಸು ಹಳತಾಗುತ್ತ ಹೋಗುತ್ತದೆ, ನೀರು ಕಡಿಮೆಯಾಗಬಹುದು, ಮಗು ಹೊಟ್ಟೆಯಲ್ಲೇ ಮಲ ಹಾಕುವ ಸಾಧ್ಯತೆ ಏರುತ್ತದೆ, ಹೊಟ್ಟೆಯಲ್ಲೇ ಮಗು ತೀರಿಹೋಗುವ ಅಪಾಯ ಚಿಕ್ಕದಾದರೂ ಖಂಡಿತ ಹೆಚ್ಚುತ್ತದೆ. ಸ್ವೀಡನ್ನಿನಲ್ಲಿ 41 ವಾರಕ್ಕೆ ನೋವು ಬರಿಸುವುದೋ 42ರವರೆಗೆ ಕಾಯುವುದೋ ಎಂದು ಹೋಲಿಸಿದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು, ಕಾಯ್ದ ಗುಂಪಿನಲ್ಲಿ ಆರು ಮಕ್ಕಳು ತೀರಿಕೊಂಡವು, ಇನ್ನೊಂದರಲ್ಲಿ ಒಂದೂ ಇಲ್ಲ. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 41 ವಾರ ದಾಟಿದವರಿಗೆ ನೋವು ಬರಿಸಲು ಶಿಫಾರಸು ಮಾಡುತ್ತದೆ. 41ರ ನಂತರವೂ ಕಾಯುತ್ತೇವೆ ಎನ್ನುವವರು ವಾರಕ್ಕೆ ಎರಡು ಸಲವಾದರೂ ಎನ್‌ಎಸ್‌ಟಿ (ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ದಾಖಲಿಸುವ ಪರೀಕ್ಷೆ) ಮತ್ತು ನೀರಿನ ಪ್ರಮಾಣದ ಸ್ಕ್ಯಾನ್ ಮಾಡಿಸುತ್ತಿರಬೇಕು. ಅವು ಆ ಹೊತ್ತಿನ ಸ್ಥಿತಿ ಹೇಳುತ್ತವೆ, ನಾಡಿದ್ದಿಗೆ ಗ್ಯಾರಂಟಿ ಕೊಡುವುದಿಲ್ಲ.

ಸ್ವೀಪ್‌ನ ಬೆಲೆ ತಿಳಿಯುವುದು ಈ ಅವಧಿಯಲ್ಲೇ. ಮೇಲೆ ಹೇಳಿದ ನೆದರ್ಲೆಂಡ್ಸ್ ಅಧ್ಯಯನದಲ್ಲಿ 41 ವಾರದಿಂದ 48 ಗಂಟೆಗೊಮ್ಮೆ ಸ್ವೀಪ್ ಮಾಡುತ್ತ ಹೋದರು, 42 ವಾರ ದಾಟಿದವರು 41%ರಿಂದ 23%ಕ್ಕೆ ಇಳಿದರು. ಬ್ರಿಟನ್ನಿನ ಮಾರ್ಗಸೂಚಿ 2021ರಿಂದ 39 ವಾರ ತುಂಬಿದ ಮೇಲಿನ ಭೇಟಿಗಳಲ್ಲೇ ಸ್ವೀಪ್ ಬೇಕೇ ಎಂದು ಕೇಳಲು ಹೇಳುತ್ತದೆ. ಅಲ್ಲಿರುವ ಕನ್ನಡತಿಯರಿಗೆ ಇದನ್ನು ಹೆಚ್ಚಾಗಿ ಮಿಡ್‌ವೈಫ್ (ತರಬೇತಿ ಪಡೆದ ಸೂಲಗಿತ್ತಿ) ಮಾಡುತ್ತಾರೆ. ಡಾಕ್ಟರಿಲ್ಲ ಎಂದು ಊರಿನ ಅಮ್ಮಂದಿರು ಫೋನಿನಲ್ಲಿ ಗಾಬರಿಯಾಗುವ ಅಗತ್ಯವಿಲ್ಲ.

ಸ್ವೀಪ್‌ಗೂ ಇಂಡಕ್ಷನ್‌ಗೂ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಸ್ವೀಪ್ ಆದ ಮೇಲೆ ಮನೆಗೆ ಹೋಗುತ್ತೀರಿ. ಇಂಡಕ್ಷನ್ ಶುರುವಾದರೆ ಮಗು ಕೈಗೆ ಬರುವವರೆಗೆ ಆಸ್ಪತ್ರೆಯೇ. ಬಿಪಿ ಏರಿದೆ, ಮಗು ಬೆಳೆಯುತ್ತಿಲ್ಲ, ನೀರು ತೀರ ಕಡಿಮೆ, ಎನ್‌ಎಸ್‌ಟಿ ಸರಿಯಿಲ್ಲ, ನೀರು ಒಡೆದು ಗಂಟೆಗಳಾದವು ಎಂಬ ಕಾರಣವಿದ್ದರೆ "ಮೊದಲು ಒಂದು ಸ್ವೀಪ್ ಮಾಡಿ ನೋಡೋಣ" ಎಂದು ದಿನ ತಳ್ಳುವುದು ತಪ್ಪು. ಅಲ್ಲಿ ಬೇಕಿರುವುದು ನಿರ್ದಿಷ್ಟ ಸಮಯದೊಳಗೆ ಹೆರಿಗೆ.

ಇಂಡಕ್ಷನ್ ಸಲೀಸೋ ಕಷ್ಟವೋ ಎಂದು ಹೇಳುವುದು ಬಿಷಪ್ ಸ್ಕೋರ್, ಅಂದರೆ ಗರ್ಭಕೋಶದ ಬಾಯಿ ಎಷ್ಟು ಹದವಾಗಿದೆ ಎಂಬುದಕ್ಕೆ ಕೊಡುವ ಅಂಕ. ಐದು ಅಂಶ, ಒಟ್ಟು 13 ಅಂಕ. ಒಳಪರೀಕ್ಷೆಯ ನಂತರ ಕಾರ್ಡಿನಲ್ಲಿ ಹೀಗೆ ಬರೆದಿದೆ ಎನ್ನೋಣ: ಒಂದೂವರೆ ಸೆಂಟಿಮೀಟರ್ ತೆರೆದಿದೆ, 50% ತೆಳುವಾಗಿದೆ, ತಲೆ ಮೈನಸ್ ಎರಡರಲ್ಲಿದೆ (ಇನ್ನೂ ಪೂರ್ತಿ ಇಳಿಯದೆ ಮೇಲಿದೆ), ಬಾಯಿ ಮೆತ್ತಗಿದೆ, ಹಿಂದಕ್ಕೆ ತಿರುಗಿದೆ. ಅಂಕ ಕ್ರಮವಾಗಿ 1, 1, 1, 2, 0. ಒಟ್ಟು 5. ಆರು ಅಥವಾ ಅದಕ್ಕಿಂತ ಕಡಿಮೆ ಎಂದರೆ ಬಾಯಿ ಹದವಾಗಿಲ್ಲ, ಮೊದಲು ಅದನ್ನು ಮೆತ್ತಗೆ ಮಾಡಬೇಕು. ಎಂಟಕ್ಕೆ ಬಂದರೆ ನೋವು ಬರಿಸುವುದು ಸುಲಭ. ಈ ಸಂಖ್ಯೆ ಕೇಳಿ ತಿಳಿದುಕೊಳ್ಳಿ. ವೈದ್ಯಕೀಯ ಕಾರಣ ಇಲ್ಲದೆ, 39 ವಾರದಲ್ಲಿ, ಸ್ಕೋರ್ ಎರಡೋ ಮೂರೋ ಇರುವಾಗ ಅಡ್ಮಿಟ್ ಆಗಲು ಹೇಳಿದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ.

ಹದ ಮಾಡಲು ಇಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು. ಒಂದು, ಫ್ರಿಜ್‌ನಲ್ಲಿಡುವ ಡೈನೊಪ್ರೊಸ್ಟೋನ್ ಜೆಲ್. 0.5 ಮಿ.ಗ್ರಾಂ ಸಿರಿಂಜು, ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು, 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚಿಲ್ಲ. ಎರಡು, ಮಿಸೊಪ್ರೊಸ್ಟಾಲ್ ಮಾತ್ರೆ, 25 ಮೈಕ್ರೊಗ್ರಾಂ. ಇದು ಅಗ್ಗ, ಫ್ರಿಜ್ ಬೇಕಿಲ್ಲ, ಕೆಲಸವೂ ಚೆನ್ನಾಗಿ ಮಾಡುತ್ತದೆ. ಅಪಾಯ ಇರುವುದು ಪ್ರಮಾಣದಲ್ಲಿ: 200 ಮೈಕ್ರೊಗ್ರಾಂ ಮಾತ್ರೆಯನ್ನು ಬ್ಲೇಡಿನಿಂದ ಎಂಟು ಚೂರು ಮಾಡಿದರೆ ಯಾವ ಚೂರಿನಲ್ಲಿ ಎಷ್ಟು ಹೋಯಿತೆಂದು ದೇವರಿಗೇ ಗೊತ್ತು. 25ರ ಮಾತ್ರೆಯೇ ಸಿಗುತ್ತದೆ, ಅದನ್ನೇ ಬಳಸಬೇಕು. ಆಸ್ಪತ್ರೆಯ ಹೊರಗೆ ಇದನ್ನು ಮುಟ್ಟುವ ಮಾತೇ ಇಲ್ಲ. ಮೂರು, ಫೋಲಿ ಕ್ಯಾತಿಟರ್. ಮೂತ್ರಕ್ಕೆ ಹಾಕುವ ಅದೇ ರಬ್ಬರ್ ನಳಿಕೆಯನ್ನು ಗರ್ಭಕೋಶದ ಬಾಯಿ ದಾಟಿಸಿ, ತುದಿಯ ಬಲೂನಿಗೆ 30ರಿಂದ 60 ಮಿ.ಲೀ. ನೀರು ತುಂಬಿಸುತ್ತಾರೆ. ಬಾಯಿ ಸುಮಾರು ಮೂರು ಸೆಂಟಿಮೀಟರ್ ತೆರೆದಾಗ ಬಲೂನು ತಾನೇ ಜಾರಿ ಬೀಳುತ್ತದೆ. ಔಷಧಿಯ ಗೊಡವೆ ಇಲ್ಲದ್ದರಿಂದ ಹಿಂದೆ ಸಿಸೇರಿಯನ್ ಆದವರಿಗೆ ಇದೇ ಲೇಸು.

ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಇದ್ದ 602 ಬಸುರಿಯರಲ್ಲಿ ಮಾತ್ರೆ ಮತ್ತು ಬಲೂನನ್ನು ಹೋಲಿಸಿ ನೋಡಿ 2017ರಲ್ಲಿ ಪ್ರಕಟಿಸಿದರು. 24 ಗಂಟೆಯೊಳಗೆ ನಾರ್ಮಲ್ ಹೆರಿಗೆ ಆದವರು ನುಂಗುವ 25 ಮೈಕ್ರೊಗ್ರಾಂ ಮಾತ್ರೆಯಲ್ಲಿ 57%, ಬಲೂನಿನಲ್ಲಿ 47%. ನಮ್ಮಂಥದೇ ಆಸ್ಪತ್ರೆ, ನಮ್ಮಂಥದೇ ಜನ ಆದ್ದರಿಂದ ಈ ಅಂಕಿಗೆ ಹೆಚ್ಚು ತೂಕ. ಇನ್ನೊಂದು ಕಡೆ ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ: ಚೊಚ್ಚಲ ಬಸುರಿಯರಿಗೆ 39 ವಾರಕ್ಕೇ ನೋವು ಬರಿಸಿದರೆ ಸಿಸೇರಿಯನ್ 18.6%, ಕಾದರೆ 22.2%. ಇದನ್ನು ತೋರಿಸಿ ಎಲ್ಲರಿಗೂ 39ಕ್ಕೇ ಇಂಡಕ್ಷನ್ ಎನ್ನುವವರಿದ್ದಾರೆ. ಆ ಫಲಿತಾಂಶದ ಹಿಂದೆ ಬಿಡದೆ ನಿಗಾ ಇಡುವ ಲೇಬರ್ ವಾರ್ಡ್ ಇದೆ, ದಿನಗಟ್ಟಲೆ ತಾಳ್ಮೆಯಿಂದ ಕಾಯುವ ಪದ್ಧತಿ ಇದೆ. ಒಬ್ಬ ನರ್ಸ್ ಹತ್ತು ಮಂದಿಯನ್ನು ನೋಡುವ ಕಡೆ, ಸಂಜೆಯೊಳಗೆ ಆಗದಿದ್ದರೆ ಆಪರೇಷನ್ ಥಿಯೇಟರ್‌ಗೆ ಎನ್ನುವ ಕಡೆ ಅದೇ ಫಲ ಸಿಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ 31.5% ಇತ್ತು ಎಂಬುದನ್ನೂ ಪಕ್ಕದಲ್ಲಿಟ್ಟುಕೊಂಡು ಯೋಚಿಸಿ.

ಬಾಯಿ ಹದವಾದ ಮೇಲೆ ನೀರಿನ ಚೀಲ ಒಡೆದು, ನೋವು ಬರಿಸುವ ಆಕ್ಸಿಟೋಸಿನ್ ಔಷಧಿಯ ಡ್ರಿಪ್ ಹಾಕುತ್ತಾರೆ. ತಲೆ ಮೇಲೇ ಇರುವಾಗ ಚೀಲ ಒಡೆದರೆ ಹೊಕ್ಕುಳಬಳ್ಳಿ ಮುಂದೆ ಜಾರಬಹುದು, ಅದು ನಿಮಿಷಗಳಲ್ಲಿ ಆಪರೇಷನ್ ಬೇಡುವ ಅವಘಡ. ಡ್ರಿಪ್ ಸಣ್ಣ ಹನಿಯಿಂದ ಶುರುವಾಗಿ ಅರ್ಧ ಗಂಟೆಗೊಮ್ಮೆ ಏರುತ್ತದೆ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬಂದರೆ ಮಗುವಿಗೆ ಆಮ್ಲಜನಕದ ಕೊರತೆ, ಕೂಡಲೇ ನಿಧಾನಿಸಬೇಕು ಅಥವಾ ನಿಲ್ಲಿಸಬೇಕು. ನೋವು ಜೋರಾಗಲಿ ಎಂದು ಹೆರಿಗೆಗೆ ಮೊದಲೇ ಆಕ್ಸಿಟೋಸಿನ್ನನ್ನು ಸೊಂಟಕ್ಕೆ ಚುಚ್ಚುವ ಕೆಟ್ಟ ಅಭ್ಯಾಸ ಕೆಲವೆಡೆ ಇನ್ನೂ ಇದೆ. ಒಮ್ಮೆ ಚುಚ್ಚಿದ್ದನ್ನು ನಿಲ್ಲಿಸಲು ಬರುವುದಿಲ್ಲ, ಗರ್ಭಕೋಶ ಹರಿಯಬಹುದು. ಆ ಇಂಜೆಕ್ಷನ್ನಿನ ಜಾಗ ಮಗು ಹುಟ್ಟಿದ ಮೇಲೆ, ರಕ್ತಸ್ರಾವ ತಡೆಯಲು.

ಚೊಚ್ಚಲಿಗೆ, ಬಾಯಿ ಮುಚ್ಚಿರುವಾಗ ಶುರುಮಾಡಿದ ಇಂಡಕ್ಷನ್ ಒಂದೂವರೆ, ಎರಡು ದಿನ ಹಿಡಿದರೂ ಅದು ಸೋತಂತಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ, ಚೀಲ ಒಡೆದು ಡ್ರಿಪ್ ಹಾಕಿ 12ರಿಂದ 18 ಗಂಟೆಯಾದರೂ ನೋಡದೆ "ಫೇಲ್" ಎನ್ನಬಾರದು. ಅಡ್ಮಿಟ್ ಆಗುವ ಮೊದಲೇ "ಎಷ್ಟು ಹೊತ್ತು ಕಾಯುತ್ತೀರಿ?" ಎಂದು ಕೇಳಿ. ಉತ್ತರದಿಂದ ಆ ಆಸ್ಪತ್ರೆಯ ಸ್ವಭಾವ ಗೊತ್ತಾಗುತ್ತದೆ.

ಯಾರಿಗೆ ಸ್ವೀಪ್ ಬೇಡ

ಮಾಸು ಬಾಯಿಗೆ ಅಡ್ಡ ಇದ್ದರೆ ಬೆರಳೇ ಹಾಕಬಾರದು. ಕೊನೆಯ ಸ್ಕ್ಯಾನ್ ರಿಪೋರ್ಟ್ ಜೊತೆಗೊಯ್ಯುವುದು ಇದಕ್ಕಾಗಿಯೇ. ನೀರು ಆಗಲೇ ಹೋಗಿದ್ದರೆ, ಕಾರಣ ತಿಳಿಯದ ರಕ್ತಸ್ರಾವವಿದ್ದರೆ, ಮಗು ಅಡ್ಡ ಮಲಗಿದ್ದರೆ, ಜನನಾಂಗದಲ್ಲಿ ಹರ್ಪಿಸ್ ಗುಳ್ಳೆ ಇದ್ದರೆ, ಬೇರೆ ಕಾರಣಕ್ಕೆ ಸಿಸೇರಿಯನ್ ಎಂದು ತೀರ್ಮಾನವಾಗಿದ್ದರೆ ಸ್ವೀಪ್ ಇಲ್ಲ. ಎಚ್‌ಐವಿ ಇರುವವರು ವೈರಲ್ ಲೋಡ್ ರಿಪೋರ್ಟ್ ತೋರಿಸದೆ ಮಾಡಿಸಬಾರದು. ಬಿಳಿ ಸೆರಗಿನಲ್ಲಿ ತುರಿಕೆ, ವಾಸನೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ.

ಹಿಂದೆ ಒಂದು ಸಿಸೇರಿಯನ್ ಆಗಿ, ಈ ಸಲ ನಾರ್ಮಲ್‌ಗೆ ಪ್ರಯತ್ನಿಸುತ್ತಿರುವವರಿಗೆ ಸ್ವೀಪ್ ಒಳ್ಳೆಯ ಆಯ್ಕೆ ಎಂದೇ ಹೇಳಬೇಕು. ಅವರಿಗೆ ಮಿಸೊಪ್ರೊಸ್ಟಾಲ್ ಕೊಡುವಂತಿಲ್ಲ, ಹಳೆಯ ಹೊಲಿಗೆ ಬಿಡಬಹುದು. ಔಷಧಿಯಿಲ್ಲದೆ ನೋವು ತಾನಾಗಿ ಬಂದಷ್ಟೂ ಕ್ಷೇಮ. ಆದರೆ ಅಂಥವರು ಸ್ವೀಪ್ ಆದ ಮೇಲೆ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಯ ಹತ್ತಿರವೇ ಇರಬೇಕು.

ಹೇಳದೆ ಮಾಡುವ ಸ್ವೀಪ್

ನಮ್ಮಲ್ಲಿ ದೊಡ್ಡ ಸಮಸ್ಯೆ ಇದೇ. "ಕೈ ಹಾಕಿ ನೋಡ್ತೀನಿ" ಎನ್ನುತ್ತಾರೆ, ನೋಡುವುದರ ಜೊತೆ ಸ್ವೀಪ್ ಮಾಡಿಬಿಡುತ್ತಾರೆ. ಹೆಂಗಸಿಗೆ ತಿಳಿಯುವುದು ಜೀವ ಹೋಗುವಂತೆ ನೋವಾದಾಗ, ಇಲ್ಲವೇ ಮನೆಗೆ ಬಂದು ರಕ್ತ ನೋಡಿ ಹೆದರಿದಾಗ. ಒಳ್ಳೆಯದಕ್ಕೇ ಮಾಡಿದ್ದಾದರೂ ಹೇಳದೆ ಮಾಡುವುದು ತಪ್ಪು. ಪರೀಕ್ಷೆಯ ಮಂಚ ಹತ್ತುವ ಮೊದಲೇ, ಬಟ್ಟೆ ಸರಿಸುವ ಮೊದಲೇ ಕೇಳಿಬಿಡಿ: "ಇವತ್ತು ಬರೀ ನೋಡ್ತೀರಾ ಮೇಡಂ, ಸ್ವೀಪ್ ಕೂಡ ಮಾಡ್ತೀರಾ?" ಬೇಡದಿದ್ದರೆ "ಇವತ್ತು ಬೇಡ, ಮುಂದಿನ ವಾರ ನೋಡೋಣ" ಎಂದರೆ ಸಾಕು. ಪುರುಷ ವೈದ್ಯರಾದರೆ ಜೊತೆಗೆ ನರ್ಸ್ ಇರಬೇಕು, ಅಮ್ಮನೋ ಅತ್ತೆಯೋ ಪಕ್ಕದಲ್ಲಿ ನಿಲ್ಲಲಿ ಎಂದರೂ ತಪ್ಪಿಲ್ಲ.

ಮನೆಮದ್ದಿನ ಬಗ್ಗೆ ಎರಡು ಮಾತು

ಹರಳೆಣ್ಣೆ ಕುಡಿದರೆ ಭೇದಿ ಖಂಡಿತ, ಹೆರಿಗೆ ಖಂಡಿತವಲ್ಲ. ವಾಂತಿ ಭೇದಿಯಿಂದ ಬಳಲಿ ಲೇಬರ್ ರೂಮಿಗೆ ಹೋಗುವುದು ಯಾರಿಗೂ ಬೇಡ. ಖರ್ಜೂರ ತಿನ್ನುವುದರಿಂದ ಗರ್ಭಕೋಶದ ಬಾಯಿ ಹದವಾಗಬಹುದು ಎಂಬುದಕ್ಕೆ ಸಣ್ಣ ಅಧ್ಯಯನಗಳಿವೆ, ಶುಗರ್ ಇಲ್ಲದವರು ದಿನಕ್ಕೆ ಐದಾರು ತಿಂದರೆ ನಷ್ಟವಿಲ್ಲ. ನಡಿಗೆ ಮೈಗೆ ಒಳ್ಳೆಯದು, ನೋವು ಬರಿಸುತ್ತದೆ ಎಂಬ ಭರವಸೆ ಬೇಡ.

ಹೊಂದಿಸಿಕೊಳ್ಳುವುದು ಹೇಗೆ

ಎರಡನೆಯ ಬಸಿರು, 39 ದಾಟಿದೆ, ಬಾಯಿ ಎರಡು ಸೆಂಟಿಮೀಟರ್: ಸ್ವೀಪ್ ಚೆನ್ನಾಗಿ ಫಲಿಸುವುದು ಇಂಥವರಲ್ಲೇ, ಆದರೆ ಬ್ಯಾಗ್ ಸಿದ್ಧವಿಟ್ಟುಕೊಂಡು ಮಾಡಿಸಿ. ಚೊಚ್ಚಲು, 39 ವಾರ, ಬಾಯಿ ಮುಚ್ಚಿದೆ: ಅವಸರವಿಲ್ಲ, 40ಕ್ಕೆ ಮತ್ತೆ ನೋಡಿಸಿ. ಚೊಚ್ಚಲು, 40 ವಾರ ದಾಟಿ ನಾಲ್ಕೈದು ದಿನ, ಬೆರಳು ಹೋಗುವಷ್ಟು ತೆರೆದಿದೆ: ನಮ್ಮ ಲೆಕ್ಕದಲ್ಲಿ ಸ್ವೀಪ್‌ಗೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ ಮಾಡಿಸಬಹುದು, ಅದರ ಜೊತೆಗೇ 41 ವಾರದ ಸುಮಾರಿಗೆ ಇಂಡಕ್ಷನ್‌ನ ದಿನವನ್ನೂ ಬರೆಸಿಟ್ಟುಕೊಳ್ಳಿ. ಶುಗರ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಬಿಪಿ ಮಾತ್ರೆಯಲ್ಲಿರುವವರು 41ರವರೆಗೆ ಹೋಗುವುದೇ ಇಲ್ಲ, ಅವರ ದಿನವನ್ನು ಡಾಕ್ಟರೇ ಮೊದಲು ನಿಗದಿ ಮಾಡುತ್ತಾರೆ.

ಮೂಲಾ, ಆಶ್ಲೇಷಾ ತಪ್ಪಿಸಬೇಕು, ಅಮಾವಾಸ್ಯೆಗೆ ಮುಂಚೆ ಆಗಲಿ ಎಂದು ಸ್ವೀಪ್ ಕೇಳುವ ಮನೆಗಳಿವೆ. ಮೂರು ಗಂಟೆಯಲ್ಲಿ ಶುರುವಾಗಬಹುದು, ಮೂರು ದಿನವಾದರೂ ಆಗದಿರಬಹುದು. ಸ್ವೀಪ್ ಪಂಚಾಂಗ ನೋಡಿ ಕೆಲಸ ಮಾಡುವುದಿಲ್ಲ.

ದಿನ ಆರಿಸುವಾಗ ನೋಡಬೇಕಾದ್ದು ಬೇರೆ. ತವರು ಆಸ್ಪತ್ರೆಯಿಂದ ಒಂದು ಗಂಟೆಗಿಂತ ದೂರವಿದ್ದರೆ, ಮಳೆಗಾಲದಲ್ಲಿ ದಾರಿ ಕಡಿಯುವ ಮಲೆನಾಡಿನ ಊರಾದರೆ, ಸ್ವೀಪ್ ಆದ ಎರಡು ರಾತ್ರಿ ಪಟ್ಟಣದಲ್ಲಿ ನೆಂಟರ ಮನೆಯಲ್ಲಿರುವುದು ಮೇಲು. ಬೆಳಗಿನ ಓಪಿಡಿಯಲ್ಲಿ ಮಾಡಿಸಿದರೆ ಏನಾದರೂ ಕಂಡರೆ ಹಗಲಲ್ಲೇ ತೋರಿಸಬಹುದು. ಅರಿವಳಿಕೆ ಡಾಕ್ಟರು ಭಾನುವಾರ ಸಿಗದ ಆಸ್ಪತ್ರೆಯಾದರೆ ಶನಿವಾರ ಸಂಜೆಯ ಸ್ವೀಪ್ ಬೇಡ, ಸೋಮವಾರಕ್ಕೆ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತ. ಜೆಲ್ ಹೊರಗಿಂದ ತನ್ನಿ ಎಂದು ಚೀಟಿ ಬರೆದುಕೊಟ್ಟರೆ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ 104ಕ್ಕೆ ಕರೆ ಮಾಡಿ ಕೇಳಿ.